ಹಳೆಯ ಬಾಯಿಯ ಅಚ್ಚು

ಡಿಸೆಂಬರ್ ೧೭

ಬಂದು ಸೇರಿದೆ. ಡಿಸೆಂಬರಿನಲ್ಲಿ ಇಂಥ ಸೆಕೆ ಇರುವ ಜಾಗದಲ್ಲಿ ಮನುಷ್ಯರು ಯಾಕಾದರೂ ಮನೆ ಕಟ್ಟಿಕೊಳ್ಳುತ್ತಾರೋ. ರೈಲಿನಿಂದ ಇಳಿಯುವಷ್ಟರಲ್ಲೇ ಬಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು. ನಮ್ಮೂರಿನಲ್ಲಾದರೆ ಈಗ ಉಸಿರು ಬಿಟ್ಟರೆ ಹೊಗೆ ಬರುತ್ತದೆ. ಜನ ಕಿಟಕಿ ಮುಚ್ಚಿ, ಒಲೆಯ ಮುಂದೆ ಕೂತು, ಮರ್ಯಾದೆಯಾಗಿ ಕ್ರಿಸ್ಮಸ್‌ಗೆ ಕಾಯುತ್ತಾರೆ. ಇಲ್ಲಿ ಸ್ಟೇಷನ್ನಿನ ಬಾಗಿಲಲ್ಲಿ ಹತ್ತಿಯ ಗಡ್ಡ ಕಟ್ಟಿಕೊಂಡ ಕ್ರಿಸ್ಮಸ್ ತಾತನೊಬ್ಬ ಚಡ್ಡಿಯಲ್ಲಿ ನಿಂತು ಕಂಕುಳು ಕೆರೆದುಕೊಳ್ಳುತ್ತಿದ್ದ. ಅದೇ ಕೈಯಿಂದ ನನಗೊಂದು ಮಿಠಾಯಿ ಕೊಟ್ಟ. ಕಸದ ಡಬ್ಬಿ ಸಿಗುವವರೆಗೂ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಡೆದೆ.

ಅಪ್ಪ ದೂರದಿಂದಲೇ ನಕ್ಕರು. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ಹಳೆಯ ಸೆಟ್ಟು ಬಿದ್ದು ಒಡೆಯಿತೆಂದು ಫೋನಿನಲ್ಲಿ ಹೇಳಿದ್ದರು, ನಿಜ. ಆದರೆ ಕಣ್ಣಾರೆ ನೋಡುವುದೇ ಬೇರೆ. ಹಲ್ಲಿನ ಸೆಟ್ಟು ಮಾಡಿ ಬದುಕುವವಳ ಅಪ್ಪ ಊರಿಗೆಲ್ಲ ಬೊಚ್ಚುಬಾಯಿ ತೋರಿಸಿಕೊಂಡು ತಿರುಗುವುದೆಂದರೆ! ತಬ್ಬಿಕೊಂಡು ಕೆನ್ನೆಗೆ ಮುತ್ತು ಕೊಟ್ಟರು. ಮೆತ್ತಗಿನ, ಒದ್ದೆ ಮುತ್ತು. ಕರವಸ್ತ್ರ ತೆಗೆದು ಒರೆಸಿಕೊಂಡೆ. ಅವರು ಪೆಟ್ಟಿಗೆ ಎತ್ತಲು ಆ ಕಡೆ ತಿರುಗಿದಾಗ ಇನ್ನೊಮ್ಮೆ ಒರೆಸಿಕೊಂಡೆ.

ಇರಲಿ. ನನ್ನ ಚೀಲದಲ್ಲಿ ಹೊಸ ಸೆಟ್ಟಿದೆ. ವಾಪಸು ಹೋಗಲು ಎರಡು ಟಿಕೆಟ್ಟಿವೆ, ನನ್ನದೊಂದು, ಅವರದೊಂದು. ಅಮ್ಮ ತೀರಿಕೊಂಡ ವರ್ಷ ಅಪ್ಪನಿಗೆ ಉಬ್ಬಸ ಜಾಸ್ತಿಯಾಗಿ, ಒಂದು ಚಳಿಗಾಲ ಬೆಚ್ಚಗಿನ ಕಡೆ ಇರಲಿ ಎಂದು ಡಾಕ್ಟರು ಹೇಳಿದ್ದಕ್ಕೆ ಇಲ್ಲಿಗೆ ಕಳುಹಿಸಿದ್ದು. ಮೂರು ಚಳಿಗಾಲ ಕಳೆದವು. ಈಗ ಉಬ್ಬಸಕ್ಕೆ ಒಳ್ಳೆಯ ಔಷಧಿ ಬಂದಿದೆ, ಮನೆಗೆ ಹೀಟರ್ ಹಾಕಿಸಿದ್ದೇನೆ. ಹಬ್ಬ ಮುಗಿಸಿಕೊಂಡು ಕರೆದುಕೊಂಡೇ ಹೋಗುವುದು.

ಅಪ್ಪ ಇರುವುದು ಒಬ್ಬ ಬ್ಯೂಟಿ ಪಾರ್ಲರಿನವಳ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಬಾಡಿಗೆಗೆ ಎಂದು ನಾನು ತಿಳಿದುಕೊಂಡಿದ್ದೆ. ಅಪ್ಪನ ಚಪ್ಪಲಿ ಕೆಳಗೆ ಆಕೆಯ ಬಾಗಿಲಲ್ಲಿತ್ತು, ಕನ್ನಡಕ ಆಕೆಯ ಅಡಿಗೆಮನೆಯಲ್ಲಿತ್ತು. "ಇವಳನ್ನ ಚಿಕ್ಕಮ್ಮ ಅಂತ ಕರೀ ಮಗಳೇ" ಎಂದರು ಅಪ್ಪ, ನೆಲ ನೋಡಿಕೊಂಡು. ಆಕೆ ಕೈ ಒರೆಸಿಕೊಳ್ಳದೆ ನನ್ನ ಕೈ ಹಿಡಿದಳು. ಕೈಯೆಲ್ಲ ಶಾಂಪೂ.

ಡಿಸೆಂಬರ್ ೧೮

ಸೆಟ್ಟನ್ನು ಹಬ್ಬದ ದಿನವೇ ಕೊಡಬೇಕೆಂದಿದ್ದೆ. ಬೆಳಗಿನ ತಿಂಡಿಯ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ಅಪ್ಪ ಬ್ರೆಡ್ಡನ್ನು ಕಾಫಿಯಲ್ಲಿ ಮುಳುಗಿಸಿ, ವಸಡಿನಲ್ಲಿ ಜಗಿದು, ಗುಳುಂ ಎಂದು ನುಂಗುತ್ತಿದ್ದರು. ನುಂಗಿ ಜೋಕು ಹೇಳುತ್ತಿದ್ದರು. ಜೋಕಿನ ಜೊತೆ ಬ್ರೆಡ್ಡೂ ಹೊರಗೆ ಬರುತ್ತಿತ್ತು. ಪಾರ್ಲರಮ್ಮ ಮೇಜು ಬಡಿದುಕೊಂಡು ನಗುತ್ತಿದ್ದಳು. ಎದ್ದುಹೋಗಿ ಡಬ್ಬಿ ತಂದು ಮುಂದಿಟ್ಟೆ.

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಚೆನ್ನಾಗಿ ಯಾವ ಸೆಟ್ಟೂ ಬಂದಿರಲಿಲ್ಲ. ಮೇಣದಲ್ಲಿ ಹಲ್ಲು ಕೂರಿಸುವಾಗಲೇ ಗೊತ್ತಾಗಿತ್ತು. ಮುಂದಿನ ಎರಡು ಹಲ್ಲಿನ ನಡುವೆ ಅಪ್ಪನಿಗಿದ್ದ ಸಂದನ್ನೂ ಬಿಟ್ಟಿದ್ದೇನೆ. ಅಪ್ಪನ ಬಾಯಿಯ ಅಚ್ಚು ಹೇಗೂ ನನ್ನ ಹತ್ತಿರವೇ ಇತ್ತು. ಅಮ್ಮ ಇದ್ದಾಗ ಮೊದಲ ಸೆಟ್ಟಿಗೆ ಡಾಕ್ಟರು ತೆಗೆದ ಅಚ್ಚು. ಕೆಲಸದ ಕೋಣೆಯ ಕಿಟಕಿಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ, ವಾರಕ್ಕೊಮ್ಮೆ ಧೂಳು ಒರೆಸುತ್ತೇನೆ. ಬೇರೆಯವರ ಅಚ್ಚುಗಳನ್ನು ಕೆಲಸ ಮುಗಿದ ಮೇಲೆ ಒಡೆದು ಹಾಕುತ್ತೇವೆ.

ಜನಕ್ಕೆ ನನ್ನ ಕೆಲಸ ಹೊಲಸಾಗಿ ಕಾಣುತ್ತದೆ. ನಾನು ಬಾಯಿ ನೋಡುವವಳೇ ಅಲ್ಲ. ಬಾಯಿ ನೋಡುವುದು ಡಾಕ್ಟರು. ನನ್ನ ಮೇಜಿಗೆ ಬರುವುದು ಅಚ್ಚು: ಬಿಳಿ, ಒಣ, ವಾಸನೆಯಿಲ್ಲದ ಪ್ಲಾಸ್ಟರು. ಅದಕ್ಕೇ ಈ ಕೆಲಸದಲ್ಲಿ ಉಳಿದುಕೊಂಡೆ.

ಅಪ್ಪ ಹಾಕಿಕೊಂಡರು. ಕನ್ನಡಿಯಲ್ಲಿ ನೋಡಿಕೊಂಡರು. ಕಣ್ಣಲ್ಲಿ ನೀರು ಬಂತು. "ಸರಿಯಾಗಿ ಕೂತಿದೆ ಮಗಳೇ" ಎಂದರು. ಮನುಷ್ಯರ ಹಾಗೆ ಕಂಡರು. ನಮ್ಮ ಮನೆಯ ಹಳೆಯ ಫೋಟೋದಲ್ಲಿರುವ ಅಪ್ಪನ ಹಾಗೆ.

ಡಿಸೆಂಬರ್ ೧೯

ಈ ಮನೆಯಲ್ಲಿ ಕೂದಲಿಲ್ಲದ ಜಾಗವಿಲ್ಲ. ಸೋಪಿನ ಮೇಲೆ ಕೂದಲು, ಹಾಸಿಗೆಯಲ್ಲಿ ಕೂದಲು. ಇವತ್ತು ಬೆಣ್ಣೆಯಲ್ಲಿ ಒಂದು, ಉದ್ದದ್ದು, ಬಣ್ಣ ಹಾಕಿದ್ದು. ಎಳೆದಷ್ಟೂ ಬರುತ್ತಿತ್ತು. ಥೂ.

ಡಿಸೆಂಬರ್ ೨೧

ಅಪ್ಪ ಇಳಿದುಹೋಗಿದ್ದಾರೆ. ಬಂದ ದಿನ ಗೊತ್ತಾಗಿರಲಿಲ್ಲ, ಈಗ ದಿನದಿನಕ್ಕೆ ಕಾಣುತ್ತಿದೆ. ಮಾತು ತೊದಲುತ್ತದೆ. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತದೆ, ಗೊತ್ತಾದಾಗ ತೋಳಿನಿಂದ ಒರೆಸಿಕೊಳ್ಳುತ್ತಾರೆ. ನಾನು ಆ ಕಡೆ ನೋಡುವುದಿಲ್ಲ. ತಟ್ಟೆಯಲ್ಲಿ ಅರ್ಧ ಬಿಡುತ್ತಾರೆ. ಮಾಂಸ ಮುಟ್ಟುವುದೇ ಇಲ್ಲ. ಎರಡು ದಿನದಿಂದ ಒಂದು ಜೋಕೂ ಹೇಳಿಲ್ಲ. ಸೆಟ್ಟು ಹೊಸದಾದಾಗ ಯಾರಿಗಾದರೂ ನಾಲ್ಕು ದಿನ ಮಾತು ಹೊರಳುವುದಿಲ್ಲ, ಅದು ಬೇರೆ ವಿಷಯ. ಇದು ವಯಸ್ಸು, ಇದು ಈ ದರಿದ್ರ ಸೆಕೆ. ನೋಡಿಕೊಳ್ಳುವವರಿಲ್ಲದಿದ್ದರೆ ಇನ್ನೇನಾಗುತ್ತದೆ?

ಪಾರ್ಲರಮ್ಮನಿಗೆ ಹೇಳಿದರೆ ಆಕೆ ನನ್ನನ್ನೇ ದಿಟ್ಟಿಸಿ ನೋಡಿದಳು. "ನೀನು ಬರೋಕೆ ಮುಂಚೆ ಹಿಂಗಿರ್ಲಿಲ್ಲ ಕಣಮ್ಮ" ಎಂದಳು. ಎಷ್ಟು ಕೊಬ್ಬು! ನಾನು ಬಂದದ್ದೇ ರೋಗವಂತೆ.

ಇನ್ನು ತಡ ಮಾಡಬಾರದೆಂದು ಸಂಜೆ ಅಪ್ಪನ ಹತ್ತಿರ ನೇರವಾಗಿ ಮಾತೆತ್ತಿದೆ. "ಅಪ್ಪ, ಈ ಸಲ ನನ್ನ ಜೊತೆ ಮನೆಗೆ ಬಂದುಬಿಡಿ. ಟಿಕೆಟ್ ತಂದಿದ್ದೀನಿ."

ಅಪ್ಪ ಕಿಟಕಿಯಾಚೆಗಿನ ಕಡಲ ಕಡೆ ನೋಡಿದರು. ಆಮೇಲೆ ನನ್ನ ತಲೆ ಸವರಿ, "ಆಗ್ಲಿ ಕಣೇ. ನೀನು ಅಷ್ಟು ಆಸೆ ಇಟ್ಕೊಂಡು ಬಂದಿದ್ದೀಯ. ಬರ್ತೀನಿ" ಎಂದರು.

ಇಷ್ಟು ಸುಲಭವಾಗುತ್ತದೆ ಎಂದುಕೊಂಡಿರಲಿಲ್ಲ. ಜಗಳಕ್ಕೆ ಸಿದ್ಧಳಾಗಿ ಬಂದಿದ್ದೆ. ಖುಷಿಯಾಗಬೇಕಿತ್ತು, ಆಯಿತು ಅನ್ನಿಸುತ್ತದೆ. ಸೆಕೆಗೆ ಏನೂ ತಿಳಿಯುತ್ತಿಲ್ಲ.

ಡಿಸೆಂಬರ್ ೨೨

ನೊಣ. ನೊಣ. ನೊಣ.

ಡಿಸೆಂಬರ್ ೨೩

ಈ ಊರಿನವರು ಕ್ರಿಸ್ಮಸ್ ಊಟವನ್ನು ಮನೆಯೊಳಗೆ ಮಾಡುವುದಿಲ್ಲವಂತೆ. ಕಡಲ ದಂಡೆಯಲ್ಲಿ ಮೇಜು ಹಾಕಿ, ಬೀದಿಯವರೆಲ್ಲ ಒಟ್ಟಿಗೆ ಕೂತು ತಿನ್ನುತ್ತಾರಂತೆ. ಮರಳು, ಬೆವರು, ನೊಣ, ನೆರೆಯವರ ಬರಿಮೈ, ಎಲ್ಲ ಸೇರಿಸಿ ಒಂದೇ ತಟ್ಟೆಯಲ್ಲಿ. ಯೇಸು ಕೊಟ್ಟಿಗೆಯಲ್ಲಿ ಹುಟ್ಟಿದ, ಸರಿ. ಅದಕ್ಕಾದರೂ ಸೂರಿತ್ತು.

ಮನೆ ಮುಂದೆ ಅಪ್ಪ ಆ ಕೊಟ್ಟಿಗೆಯದೇ ಬೊಂಬೆಗಳ ಗೋದಲಿ ಕಟ್ಟಿದ್ದಾರೆ. ಮೇಣದ ಕುರಿಗಳು ಬಿಸಿಲಿಗೆ ಮಲಗಿಬಿಟ್ಟಿವೆ. ಕುರುಬನ ತಲೆ ಎದೆಗೆ ಬಿದ್ದಿದೆ. ಮೇಜಿಗೆಂದು ತಂದ ಮೋಂಬತ್ತಿಗಳು ಹಚ್ಚುವ ಮೊದಲೇ ಬಗ್ಗಿವೆ. ಪಾರ್ಲರಮ್ಮ ಅವನ್ನೆಲ್ಲ ಐಸ್‌ಪೆಟ್ಟಿಗೆಯಲ್ಲಿ ಮೀನಿನ ಪಕ್ಕ ಮಲಗಿಸಿದಳು. ನಾಳಿದ್ದು ಮೋಂಬತ್ತಿಯೂ ಮೀನು ನಾರುತ್ತದೆ.

ಅಪ್ಪ ಹೊರಡುವ ಸುದ್ದಿ ಆಕೆಗೆ ಗೊತ್ತಾಗಿದೆ. ಅಳುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಮಧ್ಯಾಹ್ನ ನೋಡಿದರೆ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಬೆವರು ಸುರಿಸಿಕೊಂಡು ಅಪ್ಪನ ಉಣ್ಣೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮೂರು ವರ್ಷದಿಂದ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಸ್ವೆಟರು, ಮಫ್ಲರು. "ಅಲ್ಲಿ ಚಳಿ ಜಾಸ್ತಿ ಅಲ್ವಾ? ಕಿವಿ ಮುಚ್ಕೊಳ್ಳೋಕೆ ಹೇಳು, ಅವರು ಹೇಳಿದ್ರೆ ಕೇಳಲ್ಲ" ಎಂದಳು. ಕಳುಹಿಸಿ ಕೈ ತೊಳೆದುಕೊಳ್ಳುವ ಆತುರ ನೋಡು. ಕಣ್ಣು ಕೆಂಪಗಿದ್ದವು. ಆ ಕೂದಲ ಬಣ್ಣದ ಘಾಟಿಗೆ ಯಾರ ಕಣ್ಣಾದರೂ ಕೆಂಪಾಗಬೇಕು.

ಡಿಸೆಂಬರ್ ೨೪

ಸಂಜೆಯ ಆರಾಧನೆಯೂ ಬಯಲಿನಲ್ಲೇ. ಶಾಲೆಯ ಆಟದ ಮೈದಾನದಲ್ಲಿ ಪ್ಲಾಸ್ಟಿಕ್ ಕುರ್ಚಿ. ಎದ್ದು ನಿಂತಾಗಲೆಲ್ಲ ಕುರ್ಚಿ ನನ್ನ ಜೊತೆಗೆ ಅಂಟಿಕೊಂಡು ಏಳುತ್ತಿತ್ತು. ಪಾದ್ರಿಗಳ ಮೂಗಿನ ತುದಿಯಿಂದ ಬೆವರು ಬೈಬಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮುಂದಿನ ಸಾಲಿನವನ ಕತ್ತಿನ ಮಡಿಕೆಯಲ್ಲಿ ಪೌಡರು ಕೆಸರಾಗಿತ್ತು. ಪಾದ್ರಿಗಳ ಪ್ರಸಂಗದುದ್ದಕ್ಕೂ ನಾನು ಆ ಕತ್ತನ್ನೇ ನೋಡಿದೆ.

ಅಪ್ಪ ಹಾಡಲಿಲ್ಲ. ನಮ್ಮ ಚರ್ಚಿನಲ್ಲಿ ಮೊದಲ ಹಾಡು ಎತ್ತುತ್ತಿದ್ದವರೇ ಅಪ್ಪ. ಅವರ ದನಿಗೆ ಕಿಟಕಿಯ ಗಾಜು ಗುಂಯ್ ಅನ್ನುತ್ತಿತ್ತು. ಇಲ್ಲೂ ಪಾದ್ರಿಗಳು ಅಪ್ಪನ ಕಡೆ ನೋಡಿ ಕಾದರು. ಇಲ್ಲಿಯೂ ಅವರೇ ಹಾಡು ಎತ್ತುತ್ತಾರೆ ಅಂತ ನನಗೆ ಆಗಲೇ ತಿಳಿದದ್ದು. ಅಪ್ಪ ತಲೆ ಅಲ್ಲಾಡಿಸಿದರು. ಕೈ ಬಾಯಿಗೆ ಅಡ್ಡ ಇಟ್ಟುಕೊಂಡಿದ್ದರು. ಪಾರ್ಲರಮ್ಮ ತಿರುಗಿ ನನ್ನನ್ನು ನೋಡಿದಳು. ಬೈಯುವಂತೆ ನೋಡಿದ್ದರೆ ನಾನೂ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಬೇಡುವಂತೆ ನೋಡಿದಳು. ಯಾಕೆ ಎಂದು ಅರ್ಥವಾಗಲಿಲ್ಲ.

ಹಾಡಲಾರದಷ್ಟು ಕುಗ್ಗಿದ್ದಾರೆ. ಕರೆದುಕೊಂಡು ಹೋಗುವ ನನ್ನ ತೀರ್ಮಾನ ಸರಿ.

ಡಿಸೆಂಬರ್ ೨೫

ಬರೆಯಲೋ ಬೇಡವೋ. ಕೈಗೆ ಇನ್ನೂ ಲಿಪ್‌ಸ್ಟಿಕ್ ಮೆತ್ತಿಕೊಂಡಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ.

ನಡುಹಗಲಿನಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ ಮೇಜು ಹಾಕಿದರು. ಮೇಲೆ ಒಂದು ಹಳೆಯ ಹಾಯಿಬಟ್ಟೆ. ಕಡಲಿಗೆ ಬಿದ್ದು ಎದ್ದವರೆಲ್ಲ ಹಾಗೇ ಒದ್ದೆ ಬಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಕೂತರು. ಬೆಂಚಿನ ಮೇಲೆ ಹರಿದ ನೀರು ನನ್ನ ಕಡೆಗೇ ಬಂತು. ನನ್ನ ಎದುರಿಗೆ ಪಕ್ಕದ ಮನೆಯ ಪ್ಲಂಬರ್, ಅಂಗಿಯಿಲ್ಲ. ಎದೆಯ ಮೇಲಿನ ಕೂದಲಲ್ಲಿ ಕೇಕಿನ ಚೂರು. ಕೇಕಿನ ಮೇಲಿನ ಕ್ರೀಮು ಕರಗಿ ಮೇಜಿನ ಬಟ್ಟೆಗೆ ಇಳಿದಿತ್ತು, ಅದನ್ನೂ ಯಾರೋ ಬೆರಳಲ್ಲಿ ನೆಕ್ಕಿದರು. ನಾನು ಒಂದು ಲೋಟ ನೀರು ಹಿಡಿದುಕೊಂಡು, ಅದರಲ್ಲೂ ಮರಳಿದೆಯೇ ಎಂದು ನೋಡುತ್ತ ಕೂತಿದ್ದೆ.

ಅಪ್ಪನ ತಟ್ಟೆಗೆ ಪಾರ್ಲರಮ್ಮ ಮೆತ್ತಗೆ ಹಿಸುಕಿದ ಆಲೂಗಡ್ಡೆ ಹಾಕಿದಳು. ನನಗೆ ಮೈ ಉರಿಯಿತು. ನನ್ನ ಸೆಟ್ಟು ಬಾಯಲ್ಲಿರುವಾಗ ಮಗುವಿನ ಊಟವೇ? "ಅವರಿಗೆ ಮಾಂಸ ಹಾಕಿ" ಎಂದೆ. ಎಲ್ಲರಿಗೂ ಕೇಳಿಸಿತು. ಆಕೆ ಅಪ್ಪನ ಮುಖ ನೋಡಿದಳು. ಅಪ್ಪ, "ಹಾಕು, ಹಾಕು. ಮಗಳು ಹೇಳ್ತಿದ್ದಾಳೆ" ಎಂದು ತಟ್ಟೆ ಮುಂದೆ ಮಾಡಿದರು. ನನ್ನ ಕಡೆ ನೋಡಿ ನಕ್ಕು, ಒಂದು ತುಂಡು ಕಚ್ಚಿದರು. ಜಗಿದರು. ಆಮೇಲೆ ಬ್ರೆಡ್ಡು ಬಾಯಿಗಿಟ್ಟರು.

ತಟ್ಟೆಗಿಟ್ಟ ಬ್ರೆಡ್ಡಿನ ಮೇಲೆ ರಕ್ತವಿತ್ತು.

ಮೊದಲು ಅದೇನೆಂದು ತಿಳಿಯಲಿಲ್ಲ. ಜಾಮ್ ಅಂದುಕೊಂಡೆ. ಅಪ್ಪ ಬ್ರೆಡ್ಡನ್ನು ಮಗುಚಿ ಹಾಕಿ, ಅದರ ಮೇಲೆ ಕೈ ಇಟ್ಟರು.

"ಅಪ್ಪ, ಬಾಯಿ ತೆಗೀರಿ."

"ಊಟ ಆಗ್ಲಿ ಕಣೇ."

"ತೆಗೀರಿ ಅಂದೆ."

ತೆಗೆದರು. ನಾನು ಎದ್ದುಹೋಗಿ ಸೆಟ್ಟು ಹೊರಗೆಳೆದೆ, ಕೆಳಗಿನದು, ಮೇಲಿನದು. ವಸಡು ಉದ್ದಕ್ಕೂ ಹುಣ್ಣು. ಎಡಗಡೆ ಒಂದು ಕಡೆ ಕಿತ್ತುಕೊಂಡು ಬಂದಿತ್ತು. ಕೆಳಗಿನ ವಸಡು ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಸವೆದು ತೆಳ್ಳಗಾಗಿದೆ. ನಾನು ಹಲಗೆಯ ಮೇಲಿಟ್ಟು ವಾರವಾರ ಒರೆಸಿದ ಬಾಯಿ ಇದಲ್ಲವೇ ಅಲ್ಲ. ಹಲ್ಲು ಹೋದ ಮೇಲೆ ವಸಡು ಕರಗುತ್ತಾ ಹೋಗುತ್ತದೆ, ಹಳೆಯ ಅಚ್ಚಿಗೆ ಹೊಸ ಸೆಟ್ಟು ಮಾಡಬಾರದು. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನವೇ ನಾನು ಹೇಳಿಕೊಡುವ ಪಾಠ.

"ಯಾಕೆ ಹೇಳ್ಲಿಲ್ಲ?" ಎಂದು ಕೂಗಿದೆ.

"ಅಷ್ಟು ಚೆಂದ ಮಾಡ್ಕೊಂಡು ಬಂದಿದ್ದೀಯಲ್ಲೇ" ಎಂದರು ಅಪ್ಪ, ಬೊಚ್ಚುಬಾಯಲ್ಲಿ. "ಆ ಹಳೇ ಬಾಯಿಗೆ ಸರಿಯಾಗೇ ಇದೆ. ಆ ಬಾಯಿ ಈಗೆಲ್ಲಿದೆ, ಅಷ್ಟೇ."

ಪಾರ್ಲರಮ್ಮ ಅಂದಳು, "ಹೇಳ್ತೀನಿ ಅಂದ್ರೆ ನನ್ನ ಬಾಯಿಗೆ ಬೀಗ ಹಾಕಿದ್ರು. ರಾತ್ರಿ ಉಪ್ಪುನೀರಲ್ಲಿ ಮುಕ್ಕಳಿಸೋದು, ಬೆಳಿಗ್ಗೆ ಮತ್ತೆ ಹಾಕ್ಕೊಳ್ಳೋದು. ನಿನ್ನ ಎದುರಿಗೆ ತೆಗೀಬಾರ್ದಂತೆ."

ಆಮೇಲೆ ಆದದ್ದು ನನಗೂ ಸರಿಯಾಗಿ ನೆನಪಿಲ್ಲ. ಕೈ ತನ್ನಷ್ಟಕ್ಕೆ ಕೆಲಸ ಹಿಡಿಯಿತು. "ಲಿಪ್‌ಸ್ಟಿಕ್ ಇದೆಯಾ?" ಎಂದು ಕೇಳಿದೆ. ಆಕೆಯ ಚೀಲದಲ್ಲಿ ಇಲ್ಲದ ಬಣ್ಣವಿಲ್ಲ. ಗುಲಾಬಿ ಕೊಟ್ಟಳು. "ಸೆಟ್ಟೇ ಗುಲಾಬಿ, ಅದರ ಮೇಲೆ ಗುಲಾಬಿ ಹ್ಯಾಗೆ ಕಾಣುತ್ತೆ? ಕಡುಗೆಂಪು ಕೊಡಿ" ಎಂದೆ. ಅಪ್ಪನ ವಸಡನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಹುಣ್ಣಿನ ಮೇಲೆ ಬೆರಳಿಂದ ಲಿಪ್‌ಸ್ಟಿಕ್ ಹಚ್ಚಿದೆ. ಸೆಟ್ಟು ಕೂರಿಸಿ ತೆಗೆದರೆ, ಎಲ್ಲೆಲ್ಲಿ ಒತ್ತುತ್ತಿದೆಯೋ ಅಲ್ಲೆಲ್ಲ ಸೆಟ್ಟಿನ ಮೇಲೆ ಕೆಂಪು ಗುರುತು.

"ಚಿಕ್ಕಮ್ಮ, ಆ ಉಗುರು ತೀಡೋ ಅರ ಕೊಡಿ ಇಲ್ಲಿ. ಅವರ ಗದ್ದ ಹಿಡ್ಕೊಳ್ಳಿ. ಬೆಳಕಿಗೆ ತಿರುಗಿಸಿ."

ಕೊಟ್ಟಳು, ಹಿಡಿದಳು, ತಿರುಗಿಸಿದಳು. ಜನರ ತಲೆ ತಿರುಗಿಸಿ ಅಭ್ಯಾಸವಿರುವ ಕೈ, ಒಮ್ಮೆಯೂ ಅಲುಗಲಿಲ್ಲ. ನಾನು ಗುರುತಿದ್ದಲ್ಲೆಲ್ಲ ಅರದಿಂದ ತಿಕ್ಕಿದೆ, ಮತ್ತೆ ಹಚ್ಚಿದೆ, ಮತ್ತೆ ಕೂರಿಸಿದೆ. ಗುಲಾಬಿ ಪುಡಿ ಕೇಕಿನ ಮೇಲೆ ಉದುರಿತು. ಜೊಲ್ಲು ಮೊಣಕೈವರೆಗೆ ಇಳಿಯಿತು. ತಲೆಯೆತ್ತಿ ನೋಡಿದರೆ ಮೇಜಿನ ಆ ತುದಿ ಖಾಲಿಯಾಗಿತ್ತು. ಇಡೀ ಬೀದಿಯ ಕಕ್ಕಸಿನ ಪೈಪಿಗೆ ಕೈ ಹಾಕುವ ಆ ಪ್ಲಂಬರ್ ಬಾಯಿಗೆ ಟವೆಲ್ ಒತ್ತಿಕೊಂಡು ನೀರಿನ ಕಡೆ ಓಡುತ್ತಿದ್ದ. ಜನಕ್ಕೆ ಎಷ್ಟು ನಾಜೂಕು!

ನೋವೇನೋ ಕಡಿಮೆಯಾಯಿತು. ಆದರೆ ಸೆಟ್ಟು ಸಡಿಲ, ಅರದಿಂದ ಆಗುವ ಕೆಲಸವಲ್ಲ. ಊಟ ಮುಗಿದು ಹಾಡಿನ ಹೊತ್ತಾದಾಗ ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ನನ್ನ ಕಡೆ ನೋಡಿದರು, ಶಾಲೆಯಲ್ಲಿ ಹೊರಗೆ ಹೋಗಲು ಕೇಳುವವರ ಹಾಗೆ. ನಾನು ಅಂಗೈ ಮುಂದೆ ಹಿಡಿದೆ. ಅದರೊಳಕ್ಕೆ ಸೆಟ್ಟು ಉಗುಳಿದರು. ಬೆಚ್ಚಗಿತ್ತು, ಲೋಳೆಲೋಳೆಯಾಗಿತ್ತು, ಸಂದಿಯಲ್ಲಿ ಆಲೂಗಡ್ಡೆ.

ಆಮೇಲೆ ಹಾಡಿದರು. ಪದಗಳೆಲ್ಲ ಕಲಸಿದ ಹಿಟ್ಟು. ದನಿ ಮಾತ್ರ ಹಾಗೇ ಇದೆ. ಇಲ್ಲಿ ಗುಂಯ್ ಅನ್ನಲು ಗಾಜಿಲ್ಲ, ಕಡಲಿನವರೆಗೂ ಸೀದಾ ಹೋಯಿತು. ಎರಡನೆಯ ಚರಣದಲ್ಲಿ ಸಾಲು ಮರೆತರು, ನಾನು ಎತ್ತಿಕೊಡಬೇಕಾಯಿತು. ಹಾಡು ಮುಗಿಯುವವರೆಗೂ ಸೆಟ್ಟನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ. ಇಡಲು ಚೊಕ್ಕಟವಾದ ಜಾಗವೇ ಇರಲಿಲ್ಲ.

ಡಿಸೆಂಬರ್ ೨೬

ಒಂದೇ ವಿಷಯ ತಲೆ ತಿನ್ನುತ್ತಿದೆ. "ಸರಿಯಾಗಿ ಕೂತಿದೆ ಮಗಳೇ" ಎಂದರು. "ಆಗ್ಲಿ ಕಣೇ, ಬರ್ತೀನಿ" ಎಂದರು. ಎರಡೂ ಒಂದೇ ದನಿ.

ಡಿಸೆಂಬರ್ ೨೭

ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಒಂದು ಟಿಕೆಟ್ ರದ್ದು ಮಾಡಿಸಿದೆ. ಕೌಂಟರಿನವನು ಕಾರಣ ಕೇಳಿದ. ಸೆಕೆ ಎಂದೆ.

ಅಲ್ಲಿಂದ ಇಲ್ಲಿಯ ಹಲ್ಲಿನ ಡಾಕ್ಟರ ಮನೆಗೆ ಹೋಗಿ ಅಚ್ಚಿನ ಪುಡಿ, ಬಾಯಿಗಿಡುವ ತಟ್ಟೆ ಕೇಳಿ ತಂದೆ. ಅವರು ಹಬ್ಬದ ರಜೆಯಲ್ಲಿದ್ದರು, ಅಚ್ಚು ನೀನೇ ತೆಗೆದುಕೋ ಎಂದರು. ನಾನು ಯಾವತ್ತೂ ಯಾರ ಬಾಯಿಯ ಅಚ್ಚನ್ನೂ ತೆಗೆದವಳಲ್ಲ. ಮೊದಲ ಸಲ ಈ ಸೆಕೆಗೆ ಪುಡಿ ಬಟ್ಟಲಲ್ಲೇ ಗಟ್ಟಿಯಾಗಿ ಕೂತಿತು. ಚಿಕ್ಕಮ್ಮ ಐಸ್‌ಪೆಟ್ಟಿಗೆಯ ತಳದಿಂದ ನೀರು ಮೊಗೆದು ಕೊಟ್ಟಳು. ಮೀನು ನಾರುವ ನೀರು. ಅದರಲ್ಲೇ ಕಲಸಿದೆ. ಅಪ್ಪನ ಬಾಯಿಗೆ ತುಂಬಿ, ಗಟ್ಟಿಯಾಗುವವರೆಗೂ ಒತ್ತಿ ಹಿಡಿದುಕೊಂಡೆ. ಅಪ್ಪನಿಗೆ ವಾಕರಿಕೆ ಬಂತು, ನನಗೂ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೂಗಿನಲ್ಲಿ ನಕ್ಕೆವು. "ಅಲುಗಬೇಡಿ, ಅಚ್ಚು ಕೆಡುತ್ತೆ" ಎಂದು ಗದರಿದೆ.

ಆ ಅಚ್ಚಿನೊಳಗೆ ಹೊಯ್ಯಲು ಪ್ಲಾಸ್ಟರ್ ಪುಡಿ ತಂದುಕೊಟ್ಟದ್ದು ಆ ಪ್ಲಂಬರ್. ಬಾಗಿಲ ಹೊರಗಿಟ್ಟು ಓಡಿದ.

ಟಿಕೆಟ್ಟಿನ ವಿಷಯ ಊಟದ ಹೊತ್ತಿಗೆ ಹೇಳಿದೆ. "ಹೀಟರ್ ಸರಿಯಿಲ್ಲ, ಈ ಚಳಿಗೆ ನೀವು ಬರೋದು ಬೇಡ" ಎಂದೆ. ಅಪ್ಪ ತಲೆಯಾಡಿಸಿದರು. ಆಮೇಲೆ ಪೂರ್ತಿ ತಟ್ಟೆ ಖಾಲಿ ಮಾಡಿ, ಹೀಟರಿನ ಮೇಲೆ ಒಂದು ಜೋಕು ಹೇಳಿದರು. ಅನ್ನದ ಅಗುಳು ನನ್ನ ಲೋಟಕ್ಕೆ ಬಿತ್ತು. ಚಿಕ್ಕಮ್ಮ ಎದ್ದುಹೋಗಿ ಇಸ್ತ್ರಿ ಮಾಡಿಟ್ಟಿದ್ದ ಸ್ವೆಟರುಗಳನ್ನೆಲ್ಲ ಮತ್ತೆ ಪೆಟ್ಟಿಗೆಯ ತಳಕ್ಕೆ ತುಂಬತೊಡಗಿದಳು. ಮಡಿಕೆ ಕೆಟ್ಟು ಎಲ್ಲ ಮುದ್ದೆಯಾಯಿತು. ಅಚ್ಚುಕಟ್ಟು ಅನ್ನುವುದು ಈ ಮನೆಗೆ ಗೊತ್ತೇ ಇಲ್ಲ.

ಡಿಸೆಂಬರ್ ೨೯

ರೈಲು ಹೊರಟಿತು. ಸೀಟಿನ ಮೇಲೆ ಯಾರೋ ಕಿತ್ತಳೆ ಸಿಪ್ಪೆ ಬಿಟ್ಟಿದ್ದರು, ಕಿಟಕಿಯ ಗಾಜಿನ ಮೇಲೆ ಯಾರದೋ ತಲೆಯ ಎಣ್ಣೆ.

ಅಪ್ಪನ ಹೊಸ ಅಚ್ಚು ನನ್ನ ಮಡಿಲಲ್ಲಿದೆ, ಪಾರ್ಲರಿನ ಟವೆಲ್ಲಿನಲ್ಲಿ ಸುತ್ತಿಕೊಂಡು. ಟವೆಲ್ಲಿನಲ್ಲಿ ಕೂದಲಿವೆ. ಕೆಳಗಿನ ದವಡೆ ಒಂದು ಗೆರೆಯಷ್ಟೇ ಉಳಿದಿದೆ, ಇದರ ಮೇಲೆ ಸೆಟ್ಟು ನಿಲ್ಲಿಸುವುದು ತಲೆನೋವಿನ ಕೆಲಸ. ಈಸ್ಟರ್ ಹೊತ್ತಿಗೆ ಮಾಡಿಕೊಂಡು ಬರಬೇಕು. ಆಗ ಸೆಕೆ ಇನ್ನೂ ಜಾಸ್ತಿಯಂತೆ. ಹಲಗೆಯ ಮೇಲಿನ ಹಳೆಯದನ್ನು ಇಳಿಸಬೇಕು, ಎರಡಕ್ಕೆ ಜಾಗವಿಲ್ಲ.

ಬೀಳ್ಕೊಡಲು ಇಬ್ಬರೂ ಬಂದಿದ್ದರು. ಅಪ್ಪ ಬೊಚ್ಚುಬಾಯಲ್ಲಿ ಊರಿಗೆಲ್ಲ ಕೇಳುವಂತೆ ಮಾತಾಡಿದರು, ಮುಖಕ್ಕೆಲ್ಲ ತುಂತುರು ಹಾರಿಸಿದರು. ರೈಲು ಕೂಗಿದಾಗ ಕಿಟಕಿಯೊಳಕ್ಕೆ ತಲೆ ತೂರಿಸಿ ಕೆನ್ನೆಗೆ ಮುತ್ತು ಕೊಟ್ಟರು. ಅದೇ ಒದ್ದೆ ಮುತ್ತು.

ಎರಡು ಸ್ಟೇಷನ್ ದಾಟಿತು. ಕೆನ್ನೆ ಇನ್ನೂ ಒದ್ದೆಯಿದೆ. ಈ ಸೆಕೆಯಲ್ಲಿ ಯಾವುದೂ ಬೇಗ ಒಣಗುವುದಿಲ್ಲ.